ಕಡಲಿನ ತಳವನ್ನು ಬಿಟ್ಟು ನದಿಯ ಲೆಕ್ಕವೆ?

'ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು' ಎಂಬ ಮಾತು ಕರ್ನಾಟಕದ ರಾಜಕಾರಣದಲ್ಲಿ ಪಕ್ಷಭೇದವಿಲ್ಲದೆ ಚಲಾವಣೆಯಲ್ಲಿರುವ ನಾಣ್ಯ. 24.01 ಟಿಎಂಸಿ ನೀರಿನ ಹೆಸರಿನಲ್ಲಿ ಎತ್ತಿನಹೊಳೆ ಯೋಜನೆಗಾಗಿ ಸಕಲೇಶಪುರದ ಕಾಡನ್ನು ಸೀಳಿದಾಗ ಕೇಳಿಬಂದದ್ದು ಈ ಮಾತು. 2019ರಲ್ಲಿ ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಎದ್ದಾಗಲೂ, ಬೇಡ್ತಿ-ವರದಾ ಜೋಡಣೆಯ ಕಡತ ತೆರೆದಾಗಲೂ ಕೇಳಿಬಂದದ್ದು ಇದೇ ಮಾತು. ಈ ಮಾತಿನ ಹಿಂದೆ ಒಂದು ಭೂಗೋಳವಿದೆ. ಅದರ ಪ್ರಕಾರ ನದಿ ಕಡಲಂಚಿನಲ್ಲಿ ಮುಗಿದುಹೋಗುತ್ತದೆ. ಕಡಲೆಂಬುದು ಮಾಡಲು ಕೆಲಸವಿಲ್ಲದ ಉಪ್ಪುನೀರಿನ ಗುಂಡಿ. ಈ ಭೂಗೋಳ ಎಷ್ಟು ತಪ್ಪು ಎಂಬುದನ್ನು ಭೂಮಿಯ ದಕ್ಷಿಣ ತುದಿಯಲ್ಲಿ, ಹಿಮಗಡ್ಡೆಯ ಅಡಿಯಲ್ಲಿ ನಡೆದಿರುವ ಅಧ್ಯಯನಗಳು ತೋರಿಸುತ್ತಿವೆ. ಆ ತಪ್ಪಿನ ಬೆಲೆಯನ್ನು ಯಾರು ತೆರಬೇಕಾದೀತು ಎಂಬುದನ್ನು ನಿಡಗುಂದಿಯಂಥ ಊರುಗಳು ತೋರಿಸುತ್ತವೆ.

ನಿಡಗುಂದಿ ಮಲೆನಾಡಿನವರಿಗೆ ದೂರದ ಊರೆನಿಸಬಹುದು. ಅದು ವಿಜಯಪುರ ಜಿಲ್ಲೆಯ ಎರೆಭೂಮಿಯ ಊರು. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಆದರೆ ಅದರ ಮಗ್ಗುಲಲ್ಲಿ ಆಲಮಟ್ಟಿ ಅಣೆಕಟ್ಟಿಗೆ ತಾಗಿ ನಿಂತಿರುವ ನೀರು ಸಹ್ಯಾದ್ರಿಯದೇ. ಕೃಷ್ಣೆ ಮಹಾಬಲೇಶ್ವರದಿಂದ ಬರುತ್ತಾಳೆ. ಘಟಪ್ರಭೆಯೂ ಸಹ್ಯಾದ್ರಿಯಿಂದಲೇ ಇಳಿದು ಚಿಕ್ಕಸಂಗಮದಲ್ಲಿ ಅವಳನ್ನು ಕೂಡುತ್ತಾಳೆ. ಸುತ್ತಲಿನ ಹೊಲಗಳಲ್ಲಿ ಮಳೆ ಅಪರೂಪ. ಅಲ್ಲಿಗೆ ಬರುವ ನೀರು ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಯ ಪಾಲು. ಮಳೆನೆರಳಿನ ಈ ಜನರ ದಾಹ ನಿಜವಾದದ್ದು, ಅವರ ಬೇಡಿಕೆ ನ್ಯಾಯವಾದದ್ದು. ಅದನ್ನು ಅಲ್ಲಗಳೆಯುವ ಪರಿಸರವಾದ ಪರಿಸರವಾದವೇ ಅಲ್ಲ.

1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರನ್ನು 519.60 ಮೀಟರ್ ಮಟ್ಟದವರೆಗೆ ನಿಲ್ಲಿಸಲಾಗುತ್ತಿದೆ. ಅದನ್ನು 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಐದು ಮೀಟರಿಗೂ ಕಡಿಮೆಯಾದ ಈ ಏರಿಕೆಗಾಗಿ ಮುಳುಗಬೇಕಾದ ಭೂಮಿ 75 ಸಾವಿರ ಎಕರೆಗೂ ಹೆಚ್ಚು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ಪರಿಹಾರ ನಿಗದಿಪಡಿಸಿತು. ಪರಿಹಾರದ ಮೊತ್ತದ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದಿದೆ. ಅಷ್ಟು ಎತ್ತರದ ಗೋಡೆಗೆ ಅಷ್ಟು ನೀರು ಮುಂದೆಯೂ ಬಂದೇ ಬರುತ್ತದೆ ಎಂಬ ಭರವಸೆಯ ಆಧಾರವೇನು ಎಂಬ ಪ್ರಶ್ನೆ ಮಾತ್ರ ಮೂಲೆಗುಂಪಾಗಿದೆ.

ಆಧಾರ ಇಷ್ಟೇ: ನ್ಯಾಯಾಧಿಕರಣವು 1961ರಿಂದ 2008ರವರೆಗಿನ 47 ವರ್ಷಗಳ ಹರಿವನ್ನು ಮುಂದಿಟ್ಟುಕೊಂಡು ನದಿಯ ಪಾಲು ಹಂಚಿತು. ನೂರು ವರ್ಷಗಳಲ್ಲಿ 65 ವರ್ಷ ಸಿಗುವ ನೀರು 2293 ಟಿಎಂಸಿ, ಸರಾಸರಿ 2578 ಟಿಎಂಸಿ ಎಂದು ಅದು ಲೆಕ್ಕ ಹಾಕಿತು. ನ್ಯಾಯಾಲಯಕ್ಕೆ ದಾಖಲೆ ಬೇಕು. ದಾಖಲೆ ಇರುವುದು ಕಳೆದ ಕಾಲದ್ದು ಮಾತ್ರ. ಅದರಲ್ಲಿ ನ್ಯಾಯಾಧೀಶರ ತಪ್ಪೇನಿಲ್ಲ. ತಪ್ಪಿರುವುದು, ಆ ಅಂಕಿಗಳನ್ನು ಮುಂಬರುವ ನೂರು ವರ್ಷಗಳ ಭರವಸೆಯೆಂದು ಓದುವ ಯೋಜಕರದು. ಇದೇ ಆಲಮಟ್ಟಿಯಿಂದ 2019ರ ಆಗಸ್ಟಿನಲ್ಲಿ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಡಬೇಕಾಯಿತು. ನಾಲ್ಕೇ ವರ್ಷಗಳ ಬಳಿಕ, 2023ರಲ್ಲಿ, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಸರಾಸರಿ ಎಂಬುದು ಇಂಥ ಎರಡು ವರ್ಷಗಳನ್ನು ಕೂಡಿಸಿ ಭಾಗಿಸಿದಾಗ ಸಿಗುವ ಅಂಕಿ. ಅದು ಯಾವ ರೈತನ ಹೊಲದಲ್ಲೂ ಸುರಿಯುವುದಿಲ್ಲ.

ಮಳೆಯ ತಾಯಿ ಕಡಲು. ಹಸಿರುಮನೆ ಅನಿಲಗಳು ಭೂಮಿಯಲ್ಲಿ ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ರಷ್ಟು ಸೇರಿರುವುದು ಕಡಲಿಗೆ. 1950ರಿಂದ 2020ರ ಅವಧಿಯಲ್ಲಿ ಹಿಂದೂ ಮಹಾಸಾಗರದ ಮೇಲ್ಮೈ ಶತಮಾನಕ್ಕೆ 1.2 ಡಿಗ್ರಿಯ ದರದಲ್ಲಿ ಬಿಸಿಯಾಗಿದೆ. 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಹಾಗಾದರೆ ಕಡಲು ನುಂಗಿದ ಶಾಖ ಎಲ್ಲಿ ಹೋಗುತ್ತದೆ? ಮೇಲ್ಮೈಯಲ್ಲಿ ಎಷ್ಟು ಉಳಿಯುತ್ತದೆ, ತಳಕ್ಕೆ ಎಷ್ಟು ಇಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಧ್ರುವಗಳಿಗೇ ಹೋಗಬೇಕು. ಏಕೆಂದರೆ ಮೇಲ್ಮೈಯ ನೀರು ಕಡಲಿನ ಆಳಕ್ಕೆ ಇಳಿಯುವ ಬಾಗಿಲುಗಳು ಇರುವುದು ಅಲ್ಲಿ.

ಮಲ್ಪೆಯ ಕಡಲತೀರದ ನೀರು ಬೆಚ್ಚಗಿರುತ್ತದೆ. ಅದೇ ಅರಬ್ಬೀ ಸಮುದ್ರದ ಮಧ್ಯದಲ್ಲಿ ಮೂರು-ನಾಲ್ಕು ಸಾವಿರ ಮೀಟರ್ ಆಳದ ನೀರು ಎರಡು ಡಿಗ್ರಿಯ ಆಸುಪಾಸಿನಲ್ಲಿ ಕೊರೆಯುತ್ತದೆ. ಉಷ್ಣವಲಯದ ಸೂರ್ಯನ ಅಡಿಯಲ್ಲಿ ಈ ಚಳಿ ಎಲ್ಲಿಂದ ಬಂತು? 1751ರಲ್ಲಿ ಹೆನ್ರಿ ಎಲ್ಲಿಸ್ ಎಂಬ ನಾವಿಕ ಗುಲಾಮರನ್ನು ಸಾಗಿಸುವ ಹಡಗಿನಿಂದ ಅಟ್ಲಾಂಟಿಕ್ ಸಾಗರಕ್ಕೆ ಪಾತ್ರೆಯನ್ನು ಇಳಿಬಿಟ್ಟು ಆಳದ ನೀರು ತಣ್ಣಗಿರುವುದನ್ನು ಕಂಡ; ಆ ನೀರನ್ನು ಮದ್ಯ ತಣಿಸಲು ಬಳಸಿಕೊಂಡು ಸುಮ್ಮನಾದ. ಆ ಚಳಿ ಧ್ರುವಗಳಿಂದ ಹರಿದು ಬಂದದ್ದೆಂದು ಅದೇ ಶತಮಾನದ ಕೊನೆಯಲ್ಲಿ ವಿಜ್ಞಾನಿ ರಮ್‌ಫೋರ್ಡ್ ತರ್ಕಿಸಿದ.

ಅದು ಹರಿದು ಬರುವ ಬಗೆ ಉಪ್ಪಿನಕಾಯಿ ಹಾಕುವ ಮನೆಗಳಿಗೆ ಅಪರಿಚಿತವಲ್ಲ. ಭರಣಿಯ ಉಪ್ಪುನೀರಿನಲ್ಲಿ ಅಪ್ಪೆಮಿಡಿ ತೇಲುತ್ತದೆ. ಅದನ್ನು ಮುಳುಗಿಸಲು ಮೇಲೆ ಭಾರ ಹೇರಬೇಕು. ಉಪ್ಪು ಹೆಚ್ಚಿದಷ್ಟೂ ನೀರು ಭಾರ. ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗೆ. ಹೆಪ್ಪುಗಟ್ಟುವಾಗ ಗಡ್ಡೆಯು ಉಪ್ಪಿನ ಬಹುಭಾಗವನ್ನು ಹೊರದಬ್ಬುತ್ತದೆ. ಹಾಗೆ ಹೊರಬಿದ್ದ ಗಾಢ ಉಪ್ಪುನೀರು ಕೆಳಗಿನ ಕೊರೆಯುವ ನೀರಿಗೆ ಸೇರಿ ಅದನ್ನು ಇನ್ನಷ್ಟು ಭಾರಗೊಳಿಸುತ್ತದೆ. ಅಂಟಾರ್ಕ್ಟಿಕಾದ ಇಳಿಜಾರಿನಿಂದ ಬೀಸುವ ಬಿರುಗಾಳಿ ಹೊಸ ಗಡ್ಡೆಯನ್ನು ಹೊರಗಡಲಿಗೆ ತಳ್ಳುತ್ತಿರುತ್ತದೆ. ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಮತ್ತೆ ಉಪ್ಪು ಕೆಳಗಿಳಿಯುತ್ತದೆ. ಗಡ್ಡೆಯ ಮಧ್ಯೆ ಹೀಗೆ ತೆರೆದುಕೊಳ್ಳುವ ನೀರಿನ ಬಯಲಿಗೆ ಪಾಲಿನ್ಯಾ ಎಂದು ಹೆಸರು. ಭಾರವಾದ ನೀರು ಖಂಡದಂಚಿನಿಂದ ಜಲಪಾತದಂತೆ ಸಾವಿರಾರು ಮೀಟರ್ ಇಳಿದು, ಆಮ್ಲಜನಕವನ್ನು ಹೊತ್ತು, ಕಡಲಿನ ತಳದಲ್ಲಿ ಉತ್ತರಕ್ಕೆ ಹರಡುತ್ತದೆ. ಜಗತ್ತಿನ ಕಡಲುಗಳ ಒಟ್ಟು ನೀರಿನಲ್ಲಿ ಸುಮಾರು ಮೂರನೆಯ ಒಂದು ಭಾಗ ಈ ತಳನೀರು.

ಭಾರತ 1983-84ರಲ್ಲಿ ಅಂಟಾರ್ಕ್ಟಿಕಾದಲ್ಲಿ ಸ್ಥಾಪಿಸಿದ ಮೊದಲ ನೆಲೆಗೆ ಇಟ್ಟ ಹೆಸರು ದಕ್ಷಿಣ ಗಂಗೋತ್ರಿ. ನದಿಯ ಉಗಮದ ಹೆಸರು ಹಿಮದ ನೆಲೆಗೆ! ಇಟ್ಟವರು ಯಾವ ಅರ್ಥದಲ್ಲಿ ಇಟ್ಟರೋ, ಹೆಸರು ಸಾರ್ಥಕವಾಗಿದೆ. 2012ರಲ್ಲಿ ಆರಂಭವಾದ ಭಾರತೀ ನೆಲೆ ಪ್ರಿಡ್ಜ್ ಕೊಲ್ಲಿಯ ದಡದಲ್ಲಿದೆ. ಆ ಕೊಲ್ಲಿಯ ಪಶ್ಚಿಮಕ್ಕಿರುವ ಡಾರ್ನ್‌ಲಿ ಭೂಶಿರದ ಪಾಲಿನ್ಯಾ ತಳನೀರಿನ ಒಂದು ಉಗಮಸ್ಥಾನವೆಂದು ಜಪಾನಿನ ವಿಜ್ಞಾನಿಗಳ ತಂಡ 2013ರಲ್ಲಿ ಪ್ರಕಟಿಸಿತು. ಆ ಶೋಧಕ್ಕೆ ನೆರವಾದ ಸಾಧನಗಳಲ್ಲಿ ಆನೆಸೀಲ್‌ಗಳ ತಲೆಗೆ ಅಂಟಿಸಿದ ಮಾಪಕಗಳೂ ಇದ್ದವು. ಈ ನದಿಗೆ ದಡವಿಲ್ಲ, ಘಾಟಿಲ್ಲ, ಪೂಜೆಯಿಲ್ಲ. ಆದರೆ ಉಗಮವಿದೆ, ಹರಿವಿದೆ.

ಆ ಹರಿವು ಈಗ ಏರುಪೇರಾಗುತ್ತಿದೆ. ಕರಗುವ ಹಿಮನದಿಗಳ ಸಿಹಿನೀರು ಉಪ್ಪುನೀರಿನ ಮೇಲೆ ಹಾಸಿಕೊಂಡರೆ ನೀರು ಮುಳುಗುವಷ್ಟು ಭಾರವಾಗುವುದಿಲ್ಲ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಆಳ ಜಲಾನಯನದಲ್ಲಿ ತಳನೀರಿನ ಹರಿವು 1994ರಿಂದ 2009ರ ನಡುವೆ ಶೇ. 28ರಷ್ಟು ಕುಗ್ಗಿತು, ನಂತರ ರಾಸ್ ಸಮುದ್ರದಲ್ಲಿ ಹೆಪ್ಪುಗಟ್ಟುವಿಕೆ ಹೆಚ್ಚಿದಾಗ ಭಾಗಶಃ ಚೇತರಿಸಿಕೊಂಡಿತು. ವೆಡೆಲ್ ಸಮುದ್ರದಲ್ಲಿ ಮೂರು ದಶಕಗಳಲ್ಲಿ ತಳನೀರಿನ ಪ್ರಮಾಣ ಶೇ. 20ಕ್ಕೂ ಹೆಚ್ಚು ಇಳಿದಿದೆ. ಅನಿಲ ಹೊರಸೂಸುವಿಕೆ ಹೀಗೇ ಹೆಚ್ಚುತ್ತ ಹೋದರೆ 2050ರ ವೇಳೆಗೆ ಅಂಟಾರ್ಕ್ಟಿಕಾದ ಈ ಚಲನೆ ಶೇ. 40ಕ್ಕೂ ಹೆಚ್ಚು ಕುಂದಬಹುದೆಂದು 2023ರ ಅಧ್ಯಯನವೊಂದು ಅಂದಾಜಿಸಿತು. ಅದೇ 2023ರಲ್ಲಿ ಅಂಟಾರ್ಕ್ಟಿಕಾದ ಕಡಲ ಹಿಮದ ಚಳಿಗಾಲದ ಗರಿಷ್ಠ ವಿಸ್ತಾರ, ಉಪಗ್ರಹ ದಾಖಲೆ ಆರಂಭವಾದ 1979ರಿಂದೀಚೆಗೆ ಅತಿ ಕಡಿಮೆಯಾಗಿ, 170 ಲಕ್ಷ ಚದರ ಕಿಲೋಮೀಟರಿಗಿಂತ ಕೆಳಗಿಳಿಯಿತು. 2015ರ ನಂತರ ಅಲ್ಲಿನ ಮೇಲ್ಮೈ ನೀರಿನ ಉಪ್ಪು ನಿರೀಕ್ಷೆಗೆ ವಿರುದ್ಧವಾಗಿ ಏರಿದೆ ಎಂಬ ವರದಿ 2025ರಲ್ಲಿ ಬಂದು ತಜ್ಞರನ್ನೂ ಬೆರಗುಗೊಳಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2023ರ ಹಿಮದ ಕುಸಿತದಿಂದಲೇ 2023ರ ಬರ ಬಂತೆಂದು ಯಾರೂ ಹೇಳಲಾಗದು. ಹೇಳುವವರು ವಿಜ್ಞಾನಕ್ಕೆ ದ್ರೋಹ ಬಗೆಯುತ್ತಾರೆ. ತಳನೀರಿನ ಪಯಣ ಶತಮಾನಗಳದು. ನಿಡಗುಂದಿಯ ಮಳೆಗೂ ಅದಕ್ಕೂ ನಡುವೆ ನೇರ ಗೆರೆ ಎಳೆಯಲು ಬರುವುದಿಲ್ಲ. ಆದರೆ 'ನೂರಾರು ವರ್ಷಗಳ ಮಾತು ಈಗೇಕೆ?' ಎಂದು ಕೇಳುವವರು ತಮ್ಮ ಪ್ರಶ್ನೆಯನ್ನೇ ತಿರುಗಿಸಿ ನೋಡಲಿ. ಕೆಟ್ಟರೆ ಸರಿಹೋಗಲು ನೂರಾರು ವರ್ಷ ಬೇಕಾದ ವ್ಯವಸ್ಥೆಯನ್ನು ಐದು ವರ್ಷಕ್ಕೆಂದು ಆಯ್ಕೆಯಾದವರ ಹುಕುಮಿಗೆ ಬಿಡಬಹುದೆ? ಶಾಖವನ್ನೂ ಇಂಗಾಲವನ್ನೂ ಆಳಕ್ಕೆ ಒಯ್ಯುವ ಯಂತ್ರವೇ ತಡವರಿಸುತ್ತಿರುವಾಗ 47 ವರ್ಷಗಳ ಹಳೆಯ ಹರಿವನ್ನು ಶಾಸನವೆಂದು ನಂಬಿ ಊರುಗಳನ್ನು ಮುಳುಗಿಸುವುದು ಯಾವ ವಿವೇಕ?

'ಕೆರೆ ಒಣಗಿರುವಾಗ ಪೆಂಗ್ವಿನ್‌ಗಳ ನಾಡಿನ ಸಂಶೋಧನೆ ಯಾರಿಗೆ ಬೇಕು?' ಎಂಬ ಆಕ್ಷೇಪವೂ ಇದೆ. ಕೆರೆ ಏಕೆ ಒಣಗಿತೆಂದು ತಿಳಿಯಬೇಕಾದವರಿಗೆ ಬೇಕು. ಕಡಲಿನ ಸರಾಸರಿ ಆಳ ಸುಮಾರು 3700 ಮೀಟರ್; ಸಾಗರಗಳಲ್ಲಿ ತೇಲುತ್ತ ಅಳೆಯುವ ಆರ್ಗೊ ಯಂತ್ರಗಳಲ್ಲಿ ಬಹುಪಾಲು ಇಳಿಯುವುದು 2000 ಮೀಟರಿನವರೆಗೆ ಮಾತ್ರ. ಕೆಳಗಿನ ಅರ್ಧ ಕಡಲು ಬಹುಮಟ್ಟಿಗೆ ಕತ್ತಲಲ್ಲಿದೆ. ಧ್ರುವ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಇರುವುದು ಇದೇ ಕರಾವಳಿಯ ಗೋವೆಯಲ್ಲಿ; ಅದರ ಫಲಿತಾಂಶಗಳು ಶಿರಸಿಯ ಕಾಲೇಜಿಗಾಗಲಿ ನಿಡಗುಂದಿಯ ಪ್ರೌಢಶಾಲೆಗಾಗಲಿ ಕನ್ನಡದಲ್ಲಿ ತಲುಪಬೇಕು. ಜನರ ಭಾಷೆಗೆ ಬಾರದ ವಿಜ್ಞಾನ ಜನರ ಪರವಾಗಿ ಸಾಕ್ಷಿ ನುಡಿಯಲಾರದು.

ಕೊನೆಗೆ ಆ 'ವ್ಯರ್ಥ' ಎಂಬ ಪದಕ್ಕೆ ಬರಬೇಕು. ಕೃಷ್ಣೆ ಸೇರುವುದು ಬಂಗಾಳ ಕೊಲ್ಲಿಯನ್ನು. ಅಲ್ಲಿ ನದಿಗಳ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ಹಾಸಿಕೊಂಡು, ಕೆಳಗಿನ ತಂಪು ಮೇಲೇರದಂತೆ ತಡೆದು, ಮೇಲ್ಮೈಯನ್ನು ಮಳೆಮೋಡಗಳಿಗೆ ಬೇಕಾದಷ್ಟು ಬೆಚ್ಚಗಿಡಲು ನೆರವಾಗುತ್ತದೆ. ನದಿ ಜೋಡಣೆಯಿಂದ ಈ ಹಾಸು ತೆಳುವಾದರೆ ಮುಂಗಾರಿಗೇ ಪೆಟ್ಟು ಬೀಳಬಹುದೆಂದು ವಿ. ರಾಜಮಣಿ ಮತ್ತು ಸಂಗಡಿಗರು 2006ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಎಚ್ಚರಿಸಿದ್ದರು. ಧ್ರುವದಲ್ಲಿ ಮುಳುಗುವ ನೀರನ್ನು ತಡೆಯುವ ಸಿಹಿನೀರು ಕೊಲ್ಲಿಯಲ್ಲಿ ಮಳೆಯನ್ನು ಪೊರೆಯುತ್ತದೆ. ನಿಯಮ ಒಂದೇ, ಫಲ ಬೇರೆ. ಉಪ್ಪು ಮತ್ತು ಸಿಹಿಯ ಈ ತೂಕದಲ್ಲಿ ಎಲ್ಲಿ ಎಷ್ಟು ಬೇಕೆಂದು ತಿಳಿಯದೆ 'ಹೆಚ್ಚುವರಿ' ಎಂದು ಘೋಷಿಸುವ ಅಧಿಕಾರ ಯಾವ ನಿಗಮಕ್ಕೂ ಇಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟ. ಆಲಮಟ್ಟಿಯ ಎತ್ತರಕ್ಕಾಗಿ ಇನ್ನೊಂದು ಎಕರೆ ಮುಳುಗುವ ಮುನ್ನ, ಬಿಸಿಯಾಗುತ್ತಿರುವ ಕಡಲನ್ನೂ ಬದಲಾಗುತ್ತಿರುವ ಮುಂಗಾರನ್ನೂ ಒಳಗೊಂಡ ಹೊಸ ಲೆಕ್ಕವನ್ನು ಸರ್ಕಾರ ಕನ್ನಡದಲ್ಲಿ ಪ್ರಕಟಿಸಲಿ. ಅದನ್ನು ಯಲಗೂರು, ನಿಡಗುಂದಿಗಳ ಗ್ರಾಮಸ್ಥರ ಮುಂದೆ ಓದಲಿ. ಅಂಥ ಲೆಕ್ಕವಿಲ್ಲದೆ ಪಶ್ಚಿಮಕ್ಕೆ ಹರಿಯುವ ಒಂದು ಹಳ್ಳವನ್ನೂ ತಿರುಗಿಸದಿರಲಿ. ಮಳೆಯನ್ನು ಹಿಡಿದಿಡುವ ಸಹ್ಯಾದ್ರಿಯ ಕಾಡನ್ನು ಉಳಿಸುವುದು ಘಟ್ಟದವರ ಹಟವಲ್ಲ, ಬಯಲಿನವರ ಹಕ್ಕು. ಮಲೆನಾಡಿನ ವಿದ್ಯಾರ್ಥಿಗಳೂ ನಿಡಗುಂದಿಯ ರೈತರೂ ಒಟ್ಟಾಗಿ ಕೇಳಬೇಕಾದ ಪ್ರಶ್ನೆ ಇದು: ನೀರು ಎಲ್ಲಿಗೆ ಹೋಗುತ್ತದೆ ಎಂದು ಹೇಳುವವರು, ಅದು ಎಲ್ಲಿಂದ ಬರುತ್ತದೆ ಎಂದು ಎಂದಾದರೂ ಕೇಳಿದ್ದಾರೆಯೆ?