ಅಟ್ಟದಿಂದ ಇಳಿಯುವ ಊರುಗಳು

ಮಹಾಲಯ ಅಮಾವಾಸ್ಯೆ ಹತ್ತಿರ ಬಂತೆಂದರೆ ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಏಣಿ ಹುಡುಕುವ ಕೆಲಸ ಶುರುವಾಗುತ್ತದೆ. ಅಟ್ಟದ ಮೇಲಿನ ಟ್ರಂಕನ್ನು ಒಬ್ಬರು ಜಾರಿಸಬೇಕು, ಇನ್ನೊಬ್ಬರು ಕೆಳಗೆ ನಿಂತು ಹಿಡಿಯಬೇಕು, ಮೂರನೆಯವರು ಏನೂ ಮಾಡದೆ ‘ಮೆಲ್ಲಗೆ, ಮೆಲ್ಲಗೆ’ ಎನ್ನುತ್ತಿರಬೇಕು. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ, ಹಳೇ ಸೀರೆಯ ತುಂಡುಗಳು, ಅವುಗಳ ನಡುವೆ ಕಳೆದ ವರ್ಷದ ದಿನಪತ್ರಿಕೆಯಲ್ಲಿ ಸುತ್ತಿದ ಪುಟ್ಟ ಪುಟ್ಟ ಪೊಟ್ಟಣಗಳು. ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಆದರೆ ಅರ್ಧ ಗಂಟೆಯಲ್ಲಿ ಅದು ಯಾವತ್ತೂ ಮುಗಿಯುವುದಿಲ್ಲ, ಬಿಚ್ಚಲು ಕೂತವರು ಕಾಗದ ಓದಲು ಶುರು ಮಾಡಿರುತ್ತಾರೆ. ಹೋದ ವರ್ಷದ ಚಿನ್ನದ ದರ ನೋಡಿ ಮನೆಯೊಡತಿ ಉಸ್ಸೆನ್ನುತ್ತಾರೆ. ಸೋತ ಕ್ರಿಕೆಟ್ ಪಂದ್ಯವನ್ನು ಮಗ ಮತ್ತೊಮ್ಮೆ ಸೋಲುತ್ತಾನೆ.

ಗೊಂಬೆ ಕೂರಿಸುವ ಹಬ್ಬಕ್ಕೂ ಮೈಸೂರಿನ ದಸರೆಗೂ ಇರುವ ನಂಟು ಎಲ್ಲರಿಗೂ ಗೊತ್ತಿರುವಂಥದ್ದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿಯ ವೈಭವ ಅರಮನೆಯದಾದರೆ, ಅದೇ ಒಂಬತ್ತು ದಿನಗಳ ಪುಟ್ಟ ದರ್ಬಾರು ಮನೆಮನೆಯದು. ಮೈಸೂರು ಅರಮನೆಗೆ ಹೋದವರು ಇವತ್ತಿಗೂ ಮೊದಲು ನೋಡುವ ಜಾಗಗಳಲ್ಲಿ ಒಂದರ ಹೆಸರು ‘ಗೊಂಬೆ ತೊಟ್ಟಿ’. ಅರಸರೂ ಗೊಂಬೆ ಕೂರಿಸುತ್ತಿದ್ದರು, ಗುಮಾಸ್ತರೂ ಕೂರಿಸುತ್ತಿದ್ದರು. ವ್ಯತ್ಯಾಸವಿದ್ದದ್ದು ಮೆಟ್ಟಿಲುಗಳ ಲೆಕ್ಕದಲ್ಲಿ.

ಆ ಲೆಕ್ಕಕ್ಕೂ ನಿಯಮವುಂಟು. ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸಸಂಖ್ಯೆಯೇ ಆಗಬೇಕು. ತುತ್ತತುದಿಯಲ್ಲಿ ಪಟ್ಟದ ಗೊಂಬೆಗಳು, ಮದುವೆಯಲ್ಲಿ ತವರಿನವರು ಕೊಟ್ಟ ರಾಜ-ರಾಣಿಯರ ಮರದ ಜೋಡಿ. ಪ್ರತಿವರ್ಷ ಹೊಸ ಜರಿ ಸೀರೆ, ಹೊಸ ಪೇಟ ತೊಡಿಸಿಕೊಳ್ಳುವ ಭಾಗ್ಯ ಅವರದು. ಅವರ ಕೆಳಗೆ ದಶಾವತಾರ, ಲಕ್ಷ್ಮಿ, ಸರಸ್ವತಿ. ಇನ್ನೂ ಕೆಳಗೆ ದಪ್ಪ ಹೊಟ್ಟೆಯ ಶೆಟ್ಟರು ಮತ್ತು ಶೆಟ್ಟಮ್ಮ. ಅವರ ಮುಂದೆ ಮುಚ್ಚಳಗಳಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲದ ಚೂರು. ಆ ಅಂಗಡಿಯಲ್ಲಿ ಬೆಲ್ಲ ಮಾತ್ರ ದಿನದಿನಕ್ಕೆ ಕರಗುತ್ತದೆ. ಇರುವೆಯ ಮೇಲೆ ಅಪವಾದ ಹೊರಿಸಿ ಮಕ್ಕಳು ಸುಮ್ಮನಿರುತ್ತಾರೆ.

ಇಷ್ಟರ ತನಕ ಎಲ್ಲ ಮನೆಗಳ ಗೊಂಬೆಗಳೂ ಹೆಚ್ಚುಕಡಿಮೆ ಒಂದೇ. ಒಂದು ಮನೆಯ ಗೊಂಬೆ ಇನ್ನೊಂದರದ್ದಾಗದೆ ಉಳಿಯುವುದು ಅದರ ಕೆಳಗಿನ ಸಾಲುಗಳಲ್ಲಿ. ಅಲ್ಲಿ ಶಾಸ್ತ್ರವಿಲ್ಲ, ಪ್ರವಾಸವಿದೆ. ತಂಜಾವೂರಿನ ತಲೆಯಾಡಿಸುವ ನರ್ತಕಿ ಇದ್ದರೆ ಆ ಮನೆಯವರು ಒಮ್ಮೆ ಬೃಹದೀಶ್ವರನ ದರ್ಶನಕ್ಕೆ ಹೋಗಿದ್ದರೆಂದು ತಿಳಿಯಬಹುದು. ಕೊಂಡಪಲ್ಲಿಯ ಹಗುರ ಮರದ ಎತ್ತಿನಗಾಡಿ ಇದ್ದರೆ ವಿಜಯವಾಡದಲ್ಲಿ ಯಾರೋ ನೆಂಟರಿದ್ದಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಬಣ್ಣದ ಗೌರಿ ಬಂದಿದ್ದರೆ ಹಂಪಿ ನೋಡಿ ಬರುವಾಗ ಯಾರೋ ಹಟ ಹಿಡಿದು ಕಾರು ತಿರುಗಿಸಿದ್ದಾರೆ. ಅಜ್ಜಿಗೆ ಈ ಲೆಕ್ಕವೆಲ್ಲ ಬಾಯಿಪಾಠ. ಯಾವ ಗೊಂಬೆ ಯಾವ ವರ್ಷ, ಎಷ್ಟಕ್ಕೆ ಚೌಕಾಶಿಯಾಯಿತು, ಆ ದಿನ ಬಸ್ಸಿನಲ್ಲಿ ಯಾವ ಮಗು ವಾಂತಿ ಮಾಡಿಕೊಂಡಿತು ಎಂಬುದರ ಸಮೇತ.

ಈ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗಳಿಲ್ಲದ ಮನೆ ಸಿಗುವುದು ಕಷ್ಟ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಆ ಊರು ಬೆಳಿಗ್ಗೆ ತಿಂಡಿ ತಿಂದು ಹೊರಟು ಮಧ್ಯಾಹ್ನದ ಊಟಕ್ಕೆ ವಾಪಸಾಗಬಹುದಾದ ಪ್ರವಾಸ. ದಾರಿಯಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಇಳಿದರೆ ಊಟದ ಲೆಕ್ಕ ತಪ್ಪುತ್ತದೆ, ಅದು ಬೇರೆ ಮಾತು.

ಚನ್ನಪಟ್ಟಣದಲ್ಲಿ ಅಂಗಡಿಗಿಂತ ನೋಡಬೇಕಾದದ್ದು ಗೊಂಬೆ ಮಾಡುವವರ ಮನೆಯ ಪಡಸಾಲೆ. ಹಾಲೆ ಮರದ, ಅಲ್ಲಿನವರ ಬಾಯಲ್ಲಿ ‘ಆಲೆ’ ಮರದ, ಬಿಳಿ ತುಂಡುಗಳು ತಿಂಗಳುಗಟ್ಟಲೆ ಒಣಗಿ ಕಾದಿರುತ್ತವೆ. ಒಂದು ತುಂಡು ಲೇತ್‌ಗೆ ಸಿಕ್ಕಿ ಗಿರಗಿರನೆ ತಿರುಗತೊಡಗಿದರೆ ಉಳಿಯ ಬಾಯಿಂದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಸುರುಳಿಗಳು ಉದುರುತ್ತವೆ. ನೋಡನೋಡುತ್ತ ಒಂದು ಕತ್ತು, ಒಂದು ಹೊಟ್ಟೆ ಮೂಡುತ್ತದೆ. ಬಣ್ಣ ಬರುವುದು ಆಮೇಲೆ. ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ, ಅಷ್ಟೆ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮೈಗೆಲ್ಲ ಹರಡುತ್ತದೆ. ಕೊನೆಗೆ ಒಂದು ತುಂಡು ತಾಳೆಗರಿ ಹಿಡಿದು ಒತ್ತಿದರೆ ಮಂಕಾಗಿದ್ದ ಹಳದಿ ಮಿರಮಿರ ಮಿಂಚುತ್ತದೆ. ಈ ಗಳಿಗೆಯಲ್ಲಿ ಮಕ್ಕಳ ಬಾಯಿ ತೆರೆದೇ ಇರುತ್ತದೆ. ದೊಡ್ಡವರದೂ ಕೂಡ, ಆದರೆ ಅವರು ಬೇಗ ಮುಚ್ಚಿಕೊಂಡು ದರ ಕೇಳುತ್ತಾರೆ.

ಈ ಕಸುಬಿನ ಹುಟ್ಟನ್ನು ಊರಿನವರು ಟಿಪ್ಪುವಿನ ಕಾಲಕ್ಕೆ, ಪರ್ಷಿಯಾದಿಂದ ಬಂದ ಕುಶಲಕರ್ಮಿಗಳಿಗೆ ಕೊಂಡೊಯ್ಯುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಜಪಾನಿನ ಗೊಂಬೆ ತಂತ್ರವನ್ನು ಇಲ್ಲಿಗೆ ಹೊಂದಿಸಿದ ಬಾವಾಸ್ ಮಿಯಾ ಅವರ ಹೆಸರನ್ನೂ ಹೇಳುತ್ತಾರೆ. ಇವತ್ತಿಗೂ ಇಲ್ಲಿನ ಕೆಲಸಗಾರರಲ್ಲಿ ಮುಸ್ಲಿಮರು ಬಹಳ. ಅವರ ಕೈಯಲ್ಲಿ ತಿರುಗಿದ ಗೊಂಬೆಗಳು ನವರಾತ್ರಿಯ ಮೆಟ್ಟಿಲ ಮೇಲೆ ಆರತಿ ಮಾಡಿಸಿಕೊಳ್ಳುತ್ತವೆ. ಇದನ್ನು ಯಾರೂ ವಿಶೇಷವೆಂದು ಎತ್ತಿ ಆಡದಿರುವುದೇ ಚೆಂದ.

ಆದರೆ ಈಗ ಈ ಪುಟ್ಟ ಪ್ರವಾಸಕ್ಕೆ ಒಂದು ಅಡ್ಡಿ ಬಂದಿದೆ, ಅದೂ ಸುಂದರವಾದ ಅಡ್ಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬಳಸಿ ಹಾದುಹೋಗುತ್ತದೆ. ಮೂರು ಗಂಟೆಯ ದಾರಿ ಅರ್ಧಕ್ಕಿಳಿಯಿತು. ಹಳೇ ರಸ್ತೆಯ ಇಕ್ಕೆಲದಲ್ಲಿ ಮರದ ಕುದುರೆ ನೇತುಹಾಕಿ ಕಾಯುತ್ತಿದ್ದ ಅಂಗಡಿಗಳಿಗೆ ದಾರಿಹೋಕ ಗಿರಾಕಿ ಕಡಿಮೆಯಾದ. ಮೊದಲು ಮೈಸೂರಿಗೆ ಹೊರಟವರು ಚನ್ನಪಟ್ಟಣದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ, ಮಗು ಕಿಟಕಿಯಿಂದ ಬೆರಳು ತೋರಿಸಿ, ಬೇರೆ ದಾರಿ ಕಾಣದೆ ಇಳಿದು ಒಂದು ಬುಗುರಿ ಕೊಳ್ಳುತ್ತಿದ್ದರು. ಈಗ ಬುಗುರಿ ಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಹೊರಡಬೇಕು. ರೈಲಿನವರಿಗೆ ಮಾತ್ರ ಏನೂ ಬದಲಾಗಿಲ್ಲ. ಪ್ಯಾಸೆಂಜರ್ ಗಾಡಿ ಈಗಲೂ ಚನ್ನಪಟ್ಟಣದಲ್ಲಿ ನಿಲ್ಲುತ್ತದೆ, ಮುಂದೆ ಮದ್ದೂರು ಬಂದರೆ ಈಗಲೂ ವಡೆ ಬರುತ್ತದೆ.

ಕೊಂಡು ತಂದದ್ದರ ಮಾತಾಯಿತು. ಕೈಯಾರೆ ಮಾಡುವುದು ಎಲ್ಲಕ್ಕಿಂತ ಕೆಳಗೆ, ನೆಲದ ಮೇಲೆ. ಅದರ ಹೆಸರು ‘ಪಾರ್ಕು’. ಮನೆಯ ಮಕ್ಕಳ ಅಖಂಡ ಸ್ವಾತಂತ್ರ್ಯದ ಸೀಮೆ ಅದು. ಅಮಾವಾಸ್ಯೆಯಂದು ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಸರಸ್ವತಿ ಪೂಜೆಯ ಹೊತ್ತಿಗೆ ಹಸಿರು ಹುಲ್ಲುಹಾಸು ಸಿದ್ಧ. ಉತ್ತರ ಕರ್ನಾಟಕದ ಮನೆಗಳಲ್ಲೂ ನವರಾತ್ರಿಗೆ ಘಟ್ಟ ಹಾಕಿ ಕಾಳು ಬಿತ್ತುತ್ತಾರೆ. ಅಲ್ಲಿ ಅದು ದೇವಿಯ ಸಸಿ, ಇಲ್ಲಿ ಪ್ಲಾಸ್ಟಿಕ್ ಆಕಳು ಮೇಯುವ ಗೋಮಾಳ. ಒಡೆದ ಕನ್ನಡಿಯೇ ಕೆರೆ. ಅದರ ಅಂಚಿನ ಚೂಪು ಕಾಣದಂತೆ ಮರಳು ಸುರಿದರೆ ದಂಡೆ. ಪಾತ್ರೆ ತಿಕ್ಕುವ ಹಸಿರು ನಾರನ್ನು ಕತ್ತರಿಸಿ ಬೆಂಕಿಕಡ್ಡಿಗೆ ಸಿಕ್ಕಿಸಿದರೆ ಮರ. ಬೇಸಿಗೆಯಲ್ಲಿ ನೋಡಿ ಬಂದ ಜೋಗವನ್ನು ಹತ್ತಿಯಲ್ಲಿ ಇಳಿಸುತ್ತಾರೆ, ನಾಲ್ಕು ಎಳೆ ಇರಲೇಬೇಕು: ರಾಜ, ರಾಣಿ, ರೋರರ್, ರಾಕೆಟ್. ಯಾವುದು ಯಾವುದೆಂಬ ಬಗ್ಗೆ ಅಣ್ಣ-ತಂಗಿಯರಲ್ಲಿ ಯುದ್ಧ. ಜೋಗದ ಪಕ್ಕದಲ್ಲೇ ಮೆಟ್ರೊ ಓಡುತ್ತಿರುತ್ತದೆ, ಅದರ ಕೆಳಗೊಂದು ಡೈನೊಸಾರ್ ನಿಂತಿರುತ್ತದೆ. ತಕರಾರೆತ್ತಿದ ದೊಡ್ಡವರನ್ನು ಅಲ್ಲಿಂದ ಎಬ್ಬಿಸಲಾಗುತ್ತದೆ.

ಸಂಜೆಯಾದರೆ ‘ಗೊಂಬೆ ಕೂರ್ಸಿದ್ದೀರೇನ್ರೀ?’ ಎಂದು ಕೇಳಿಕೊಂಡು ಬರುತ್ತಿದ್ದ ಮಕ್ಕಳ ದಂಡು ಅಪಾರ್ಟ್‌ಮೆಂಟುಗಳಲ್ಲಿ ತೆಳುವಾಗಿದೆ, ಈಗ ವಾಟ್ಸ್ಆ್ಯಪ್‌ನಲ್ಲಿ ಕರೆ ಹೋಗುತ್ತದೆ. ಉಸುಲಿಯೋ ಕೊಬ್ಬರಿ ಮಿಠಾಯಿಯೋ, ದಿನಕ್ಕೊಂದು ಚರ್ಪು ಮಾತ್ರ ತಪ್ಪಿಲ್ಲ. ಅಮೆರಿಕದ ಕನ್ನಡಿಗರ ಮನೆಗಳಲ್ಲಿ ಪುಸ್ತಕದ ಕಪಾಟೇ ಮೆಟ್ಟಿಲಾಗುತ್ತದೆ. ಪಟ್ಟದ ಗೊಂಬೆ ಬಟ್ಟೆಯೊಳಗೆ ಸುತ್ತಿಕೊಂಡು, ತೂಕದ ಲೆಕ್ಕದಲ್ಲಿ ಉಪ್ಪಿನಕಾಯಿಯೊಂದಿಗೆ ಸ್ಪರ್ಧಿಸಿ, ವಿಮಾನದಲ್ಲಿ ಹೋಗಿರುತ್ತದೆ.

ವಿಜಯದಶಮಿಯ ರಾತ್ರಿ ಆರತಿ ಎತ್ತಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರೆ. ಮಾರನೇ ದಿನ ಮೆಟ್ಟಿಲು ಮತ್ತೆ ಡಬ್ಬ, ಮೇಜು, ಹಲಗೆಗಳಾಗುತ್ತದೆ. ಅಷ್ಟರಲ್ಲಿ ರಾಗಿ ಪೈರು ಹಳದಿಗೆ ತಿರುಗಿ ಒಂದು ಕಡೆ ವಾಲಿರುತ್ತದೆ. ಟ್ರಂಕಿನ ಬಳಿ ಸೀರೆಯ ತುಂಡುಗಳು ಬರುತ್ತವೆ, ‘ಪೇಪರ್ ತಾರೋ’ ಎಂಬ ಕೂಗು ಏಳುತ್ತದೆ. ಹುಡುಗ ಕೈಗೆ ಸಿಕ್ಕ ಕಟ್ಟನ್ನು ತಂದು ಹಾಕುತ್ತಾನೆ. ಅದರಲ್ಲಿ ಈ ಅಂಕಣದ ಪುಟವೂ ಇದ್ದರೆ, ಶೆಟ್ಟರ ಹೊಟ್ಟೆಗೆ ಸರಿಯಾಗಿ ಎರಡು ಸುತ್ತು ಬರುತ್ತದೆ.