ಕಾರ್ಪಲ್ ಟನಲ್: ಇಂಜೆಕ್ಷನ್ ಸಾಕೇ, ಆಪರೇಷನ್ ಬೇಕೇ? ಅಲ್ಟ್ರಾಸೌಂಡ್ ಎಷ್ಟು ಹೇಳುತ್ತದೆ?

ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆಯೇ? ಕೊಡವಿದರೆ ಸ್ವಲ್ಪ ಸರಿಹೋಗುತ್ತದೆಯೇ? ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿ, ಕಿರುಬೆರಳಿಗೆ ಏನೂ ಆಗದಿದ್ದರೆ ಅದು ಕಾರ್ಪಲ್ ಟನಲ್ ಸಿಂಡ್ರೋಮ್ ಇರಬಹುದು. ಮಣಿಕಟ್ಟಿನ ಕಿರಿದಾದ ಹಾದಿಯಲ್ಲಿ ಮೀಡಿಯನ್ ನರ ಒತ್ತಡಕ್ಕೆ ಸಿಗುವುದೇ ಇದಕ್ಕೆ ಕಾರಣ.

ಸ್ಕ್ಯಾನ್‌ನಲ್ಲಿ ಏನು ಕಾಣುತ್ತದೆ?

ಒತ್ತಡಕ್ಕೆ ಸಿಕ್ಕ ನರ ಊದಿಕೊಳ್ಳುತ್ತದೆ. ವರದಿಯಲ್ಲಿರುವ 'ಸಿಎಸ್ಎ' ಎಂದರೆ ನರದ ಅಡ್ಡಸೀಳಿಕೆಯ ವಿಸ್ತೀರ್ಣ. ಅದು ಸುಮಾರು 10 ಚದರ ಮಿ.ಮೀ. ದಾಟಿದರೆ ವೈದ್ಯರಿಗೆ ಅನುಮಾನ ಬರುತ್ತದೆ. ಈ ಸ್ಕ್ಯಾನ್‌ಗೆ ಸೂಜಿಯಿಲ್ಲ, ವಿಕಿರಣವಿಲ್ಲ. ಫಿಸಿಯೋಥೆರಪಿಯಲ್ಲಿ ಕೊಡುವ ಅಲ್ಟ್ರಾಸೌಂಡ್ ಬೇರೆ. ಅದು ಚಿಕಿತ್ಸೆ, ತಪಾಸಣೆಯಲ್ಲ.

ಯಾವ ಚಿಕಿತ್ಸೆ ಮೇಲು?

ನೆದರ್‌ಲ್ಯಾಂಡ್ಸ್‌ನಲ್ಲಿ 934 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2025ರಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದ ನಂತರ, ಮೊದಲೇ ಆಪರೇಷನ್ ಮಾಡಿಸಿಕೊಂಡವರಲ್ಲಿ 61% ಮಂದಿ ಗುಣಮುಖರಾಗಿದ್ದರು. ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಶುರುಮಾಡಿದವರಲ್ಲಿ 45%. ಎರಡೂ ಗುಂಪಿನವರಿಗೆ ಬೇಕಾದರೆ ಮುಂದೆ ಬೇರೆ ಚಿಕಿತ್ಸೆ ಪಡೆಯಲು ಅವಕಾಶವಿತ್ತು. ಅಂದರೆ ಆಪರೇಷನ್ ಮುಂದಿದೆ ನಿಜ, ಆದರೆ ಇಂಜೆಕ್ಷನ್ ದಾರಿ ಹಿಡಿದವರಲ್ಲೂ ಅರ್ಧಕ್ಕೆ ಹತ್ತಿರ ಜನ ಗುಣವಾಗಿದ್ದಾರೆ.

ಹಾಗಾದರೆ ಸ್ಕ್ಯಾನ್ ನೋಡಿ ನಿರ್ಧರಿಸಬಹುದೇ?

ಅದೊಂದನ್ನೇ ನೋಡಿ ಬೇಡ. ಆ ಅಧ್ಯಯನದಲ್ಲೂ 'ಗುಣ' ಎಂದು ಅಳೆದದ್ದು ರೋಗಿಯ ತೊಂದರೆ ಎಷ್ಟು ಇಳಿಯಿತು ಎಂಬುದನ್ನೇ, ನರದ ಗಾತ್ರವನ್ನಲ್ಲ. ಚಿಕಿತ್ಸೆಯ ನಂತರ ಊತ ಸಾಮಾನ್ಯವಾಗಿ ತಗ್ಗುತ್ತದೆ. ಆದರೆ ಜೋಮು ಪೂರ್ತಿ ಹೋದವರಲ್ಲೂ ನರ ಸ್ವಲ್ಪ ದಪ್ಪವಾಗಿಯೇ ಉಳಿಯಬಹುದು. ಆದ್ದರಿಂದ ವರದಿಯ ಅಂಕಿ ನೋಡಿ 'ಆಪರೇಷನ್ ಫೇಲ್' ಎಂದು ಹೆದರಬೇಡಿ. ತೊಂದರೆ ಮರಳಿ ಬಂದರೆ ಮಾತ್ರ, ಕಾರಣ ಹುಡುಕಲು ಸ್ಕ್ಯಾನ್ ನಿಜಕ್ಕೂ ನೆರವಾಗುತ್ತದೆ.

ನೀವು ಗಮನಿಸಬೇಕಾದದ್ದು

• ಸೌಮ್ಯ ತೊಂದರೆಗೆ ಮೊದಲು ರಾತ್ರಿ ಸ್ಪ್ಲಿಂಟ್ ಕಟ್ಟಿ ನೋಡಬಹುದು.
• ನೋವಿನ ಮಾತ್ರೆ, ಬಿ6 ವಿಟಮಿನ್‌ಗಳಿಂದ ನರದ ಒತ್ತಡ ಇಳಿಯುವುದಿಲ್ಲ. ನೀವೇ ಕೊಂಡು ತಿಂಗಳುಗಟ್ಟಲೆ ನುಂಗಬೇಡಿ.
• ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಸ್ಟೀರಾಯ್ಡ್ ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಏರಬಹುದು.
• ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ, ಜೋಮು ಹಗಲೂ ಬಿಡದಿದ್ದರೆ, ಹಿಡಿದ ವಸ್ತು ಜಾರಿ ಬೀಳುತ್ತಿದ್ದರೆ ತಡಮಾಡದೆ ತಜ್ಞರನ್ನು ಕಾಣಿ. ಬಹುಕಾಲ ಒತ್ತಿಹೋದ ನರ ಆಪರೇಷನ್ ಆದಮೇಲೂ ಪೂರ್ತಿ ಚೇತರಿಸಿಕೊಳ್ಳದಿರಬಹುದು.