ಸಾಲ ತೀರುವ ಮೊದಲೇ ಸೈಟೇ?

ನಮ್ಮ ಊರುಗಳ ಸುತ್ತಿನ ಗದ್ದೆ ಹೊಲಗಳಲ್ಲಿ ಈಗ ಪೈರಿನ ಬದಲು ಗಡಿಕಲ್ಲುಗಳು ಏಳುತ್ತಿವೆ. ಯಾವ ಹೆದ್ದಾರಿಯ ಬದಿಗೆ ಹೋದರೂ ಬಣ್ಣದ ಬಾವುಟ, ಕಮಾನು, ಮುಂಗಡ ಕೊಟ್ಟು ಸೈಟು ಹಿಡಿಯಿರೆಂಬ ಫಲಕ. ಈ ಫಲಕಗಳನ್ನು ಸಾಹುಕಾರರಿಗೆಂದು ಬರೆಸಿಲ್ಲ. ಶಾಲೆಯ ಮಾಸ್ತರು, ಬಸ್ಸಿನ ಕಂಡಕ್ಟರು, ಅಂಗನವಾಡಿಯ ಕಾರ್ಯಕರ್ತೆ, ಗಿರಣಿಯ ಕೂಲಿಗಾರ ಇವರ ಕಣ್ಣಿಗೆ ಬೀಳಲೆಂದೇ ಬರೆಸಿದ್ದಾರೆ. ಇವರಲ್ಲಿ ಬಹುಮಂದಿಗೆ ಈಗಾಗಲೇ ಸಾಲವಿದೆ. ಅದು ಮಗಳ ಮದುವೆಗೋ, ತಾಯಿಯ ಆಸ್ಪತ್ರೆ ಖರ್ಚಿಗೋ, ಮಗನ ಕಾಲೇಜಿಗೋ ತೆಗೆದ ಸಾಲ. ಹೀಗಿರುವಾಗ ಕೈಗೆ ಬಂದ ಚೀಟಿಯ ಹಣವನ್ನು ಸೈಟಿಗೆ ಹಾಕಬೇಕೆ, ಸಾಲಕ್ಕೆ ಕಟ್ಟಬೇಕೆ ಎಂಬ ಪ್ರಶ್ನೆಯನ್ನು ಸಂಘದ ಸಭೆಗಳು ಮುಗಿದ ಮೇಲೆ ನಾವು ಪದೇ ಪದೇ ಕೇಳುತ್ತಿದ್ದೇವೆ.

ಇದು ಅವರವರ ಮನೆಯ ವಿಚಾರ, ಪಕ್ಷದ ಪತ್ರಿಕೆಗೆ ಇದರಲ್ಲೇನು ಕೆಲಸ ಎಂದು ಕೆಲವರು ಹೇಳಿಯಾರು. ದುಡಿಯುವವನ ಮನೆಯ ಜಮಾಖರ್ಚನ್ನು ನೋಡದ ಸಮಾಜವಾದ ಭಾಷಣಕ್ಕಷ್ಟೇ ಒದಗೀತು. ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ: ಹೆಚ್ಚು ಬಡ್ಡಿಯ ಸಾಲ ಹೊತ್ತವರು ಮೊದಲು ಅದನ್ನು ತೀರಿಸತಕ್ಕದ್ದು. ಬೆಲೆ ಏರೀತೆಂಬ ಆಸೆಯಿಂದ ಸೈಟು ಕೊಳ್ಳಕೂಡದು.

ಲೆಕ್ಕವನ್ನೇ ನೋಡೋಣ. ತಿಂಗಳಿಗೆ 30,000 ರೂಪಾಯಿ ಸಂಬಳದ ಒಬ್ಬ ನೌಕರನಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ 3 ಲಕ್ಷ ಸಾಲವಿದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 6,000, ವರ್ಷಕ್ಕೆ 72,000 ಬಡ್ಡಿ. ಅಷ್ಟರಲ್ಲಿ ಚೀಟಿ ಎತ್ತಿ 3 ಲಕ್ಷ ಕೈಗೆ ಬಂತು. ಅದನ್ನು 12 ಲಕ್ಷದ ಸೈಟಿಗೆ ಹಾಕಿ, ಉಳಿದ 9 ಲಕ್ಷಕ್ಕೆ ಬ್ಯಾಂಕಿನಲ್ಲಿ ನೂರಕ್ಕೆ 9ರ ವಾರ್ಷಿಕ ಬಡ್ಡಿಗೆ 15 ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 9,100. ಹಳೆಯ ಬಡ್ಡಿಯೂ ಸೇರಿ ಸಂಬಳದ ಅರ್ಧ ಹೋಯಿತು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೇರಿದ ನೋಂದಣಿ ಶುಲ್ಕ ಎಲ್ಲ ಕೂಡಿದರೆ ಇನ್ನೂ 90,000ಕ್ಕೆ ಕಡಿಮೆಯಿಲ್ಲ. ಇದಕ್ಕೆ ಮತ್ತೊಂದು ಕೈಸಾಲವೇ ಗತಿ.

ಮೊದಲ ವರ್ಷದ ಬಡ್ಡಿಗಳೆರಡನ್ನು ಕೂಡಿಸಿ ನೋಡಿದರೆ ಒಂದೂವರೆ ಲಕ್ಷವನ್ನು ದಾಟುತ್ತದೆ. ಎಂದರೆ 12 ಲಕ್ಷದ ಸೈಟಿನ ಬೆಲೆ ಆ ವರ್ಷ ನೂರಕ್ಕೆ ಹದಿಮೂರರ ಹತ್ತಿರ ಏರಿದರೆ ಮಾತ್ರ ಬಡ್ಡಿಗೆ ಬಡ್ಡಿ ಸರಿಹೋದೀತು. ಲಾಭದ ಮಾತು ಅದರಾಚೆಗೆ. ಇದಕ್ಕೆ ಬದಲು ಅದೇ 3 ಲಕ್ಷದಿಂದ ಸಾಲ ತೀರಿಸಿ, ಬಡ್ಡಿಗೆ ಹೋಗುತ್ತಿದ್ದ 6,000ವನ್ನೇ ತಿಂಗಳು ತಿಂಗಳು ಕೂಡಿಟ್ಟರೆ 50 ತಿಂಗಳಲ್ಲಿ 3 ಲಕ್ಷ ಮರಳಿ ಕೈಗೆ ಬರುತ್ತದೆ. ಆಗ ಆ ಹಣದ ಮೇಲೆ ಯಾರ ಹಕ್ಕೂ ಇರುವುದಿಲ್ಲ.

ಈ ಲೆಕ್ಕ ಏಕೆ ಜನರ ಕಣ್ಣಿಗೆ ಬೀಳುವುದಿಲ್ಲ? ಅಳತೆಯಲ್ಲೇ ಮೋಸವಿರುವುದರಿಂದ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದುನಿಂತಾಗ ಜಗಳದ ಮೂಲದಲ್ಲಿದ್ದುದು ಗೇಣಿ ಭತ್ತ ಅಳೆಯುವ ಕೊಳಗ. ಅದರ ಗಾತ್ರ ಒಡೆಯನ ಮರ್ಜಿಯಂತೆ ದೊಡ್ಡದಾಗುತ್ತಿತ್ತು. ಇಂದು ಆ ಕೊಳಗ ಕಾಗದದ ಮೇಲಿದೆ. ನೂರಕ್ಕೆ ಎರಡು ಎಂದರೆ ಅಲ್ಪವೆನ್ನಿಸುತ್ತದೆ. ವರ್ಷಕ್ಕೆ 24 ಎಂದರೆ ಎದೆ ಝಲ್ಲೆನ್ನುತ್ತದೆ. ‘ಫ್ಲ್ಯಾಟ್’ 12 ಎಂದು ಕೊಡುವ ಕಂತಿನ ಸಾಲದಲ್ಲಿ, ಅಸಲು ತಿಂಗಳು ತಿಂಗಳು ಇಳಿಯುತ್ತ ಬಂದರೂ ಬಡ್ಡಿಯನ್ನು ಪೂರ್ತಿ ಅಸಲಿನ ಮೇಲೆಯೇ ಎಳೆಯುವುದರಿಂದ ನಿಜವಾದ ದರ 21ನ್ನು ಮೀರುತ್ತದೆ. ಕೊಳಗವನ್ನು ಪ್ರಶ್ನಿಸಿದವರ ಮೊಮ್ಮಕ್ಕಳು ಬಡ್ಡಿಯ ಅಳತೆಯನ್ನೂ ಪ್ರಶ್ನಿಸಬೇಡವೆ?

ನೆಲದ ಬೆಲೆ ಎಂದೂ ಇಳಿಯದು ಎಂಬುದು ದಲ್ಲಾಳಿಗಳ ಮಂತ್ರ. ಬೆಲೆ ಏರುವುದಿಲ್ಲವೆಂದು ನಾವೂ ಹೇಳುವುದಿಲ್ಲ. ಆದರೆ ಸೈಟು ಬೇಕೆಂದಾಗ ಹಣವಾಗುವ ವಸ್ತುವಲ್ಲ. ಮನೆಯಲ್ಲಿ ಕಾಯಿಲೆ ಬಿದ್ದ ದಿನ ಅರ್ಧ ಸೈಟನ್ನು ಮಾರಲಾಗದು. ಸಾಲಗಾರನಿಗೆ ಆತುರವಿದೆ ಎಂದು ತಿಳಿದರೆ ಕೊಳ್ಳುವವನು ಬೆಲೆ ಮುರಿಯುತ್ತಾನೆ. ಸಾಲವಿಲ್ಲದವನು ಹತ್ತು ವರ್ಷ ಕಾಯಬಲ್ಲ. ಬಡ್ಡಿ ಕಟ್ಟುವವನಿಗೆ ಕಾಯುವ ಶಕ್ತಿಯೇ ಇಲ್ಲ. ಒಂದೇ ಬಡಾವಣೆಯ ಒಂದೇ ಅಳತೆಯ ಸೈಟು ಒಬ್ಬನನ್ನು ಬೆಳೆಸಿ ಇನ್ನೊಬ್ಬನನ್ನು ಮುಳುಗಿಸುವುದು ಹೀಗೆ.

ಕಡಿಮೆ ಬೆಲೆಗೆ ಸಿಗುವ ಸೈಟುಗಳ ಕಥೆ ಇನ್ನೂ ಬೇರೆ. ಭೂಪರಿವರ್ತನೆಯ ಆದೇಶವಿಲ್ಲದೆ, ಬಡಾವಣೆಯ ನಕ್ಷೆಗೆ ಮಂಜೂರಾತಿಯಿಲ್ಲದೆ ಹೊಲವನ್ನು ತುಂಡರಿಸಿ ಮಾರುವ ರೆವಿನ್ಯೂ ಸೈಟುಗಳಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಬ್ಯಾಂಕು ಒಲ್ಲೆನೆಂದರೆ ಅದನ್ನೇ ಎಚ್ಚರಿಕೆಯೆಂದು ತಿಳಿಯಬೇಕು. ನಮ್ಮವರು ಹಾಗೆ ತಿಳಿಯದೆ ಬಡ್ಡಿ ಸಾಹುಕಾರನ ಬಾಗಿಲು ತಟ್ಟುತ್ತಾರೆ. ಕೊಳ್ಳುವ ಮುನ್ನ ನೆಲದ ಋಣಭಾರ ಪತ್ರ ತೆಗೆಸಿ ನೋಡುವವರು ತಮ್ಮ ಮನೆಯ ಋಣಭಾರವನ್ನೂ ಒಂದು ಹಾಳೆಯಲ್ಲಿ ಬರೆದು ಹೆಂಡತಿ ಮಕ್ಕಳ ಮುಂದಿಡಲಿ.

ವಾಸಕ್ಕೊಂದು ಸೂರು ಬೇಡವೆಂದು ನಾವು ಹೇಳುತ್ತಿಲ್ಲ. ಬಾಡಿಗೆಗೆ ಕೊಡುವಷ್ಟನ್ನೇ ಕಂತಾಗಿ ಕಟ್ಟಿ, ಕಡಿಮೆ ಬಡ್ಡಿಯ ಸಾಲದಿಂದ ತಾವೇ ವಾಸಿಸುವ ಮನೆ ಮಾಡಿಕೊಳ್ಳುವುದು ತಪ್ಪಲ್ಲ. ಆಗಲೂ ದುಬಾರಿ ಸಾಲ ಮೊದಲು ತೀರಲಿ. ಮನೆ ಹೆಂಡತಿಯ ಹೆಸರಿನಲ್ಲೂ ಇರಲಿ. ನಾವು ವಿರೋಧಿಸುವುದು ಮಾರಲೆಂದೇ ಕೊಳ್ಳುವ ಸೈಟನ್ನು.

ಆದರೆ ನೌಕರನಿಗೆ ಈ ಆಸೆ ಹುಟ್ಟಿದ್ದೇಕೆಂದು ಕೇಳದೆ ಅವನನ್ನು ಹಳಿಯುವುದು ನ್ಯಾಯವಲ್ಲ. 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದ ರಾಜ್ಯ ನೌಕರರನ್ನು ನಿಶ್ಚಿತ ಪಿಂಚಣಿಯಿಂದ ತೆಗೆದು ಪೇಟೆಯ ಏರಿಳಿತಕ್ಕೆ ಕಟ್ಟಿದ ಯೋಜನೆಗೆ ನೂಕಲಾಯಿತು. ಗುತ್ತಿಗೆ ನೌಕರರಲ್ಲಿ ಎಷ್ಟೋ ಮಂದಿಗೆ ಅದೂ ಇಲ್ಲ. ಮುದಿತನಕ್ಕೆ ಆಧಾರ ಕಾಣದವನು ಸೈಟನ್ನೇ ಪಿಂಚಣಿಯೆಂದು ನಂಬುತ್ತಾನೆ. ಇತ್ತ 1974ರ ತಿದ್ದುಪಡಿಯಿಂದ ಗೇಣಿದಾರರಿಗೆ ನೆಲ ಕೊಟ್ಟ ಭೂಸುಧಾರಣಾ ಕಾನೂನನ್ನೇ 2020ರಲ್ಲಿ ಮತ್ತೆ ತಿದ್ದಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ತೆಗೆದರು. ಹಣವುಳ್ಳವರು ಎಕರೆಗಟ್ಟಲೆ ಕೊಂಡು ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ಆ ಚದರಡಿಗೆ ಬಡ್ಡಿ ಕಟ್ಟುವವನು ನಮ್ಮ ನೌಕರ.

ಇನ್ನೊಂದು ಅಪಾಯವನ್ನೂ ಸಂಗಾತಿಗಳ ಗಮನಕ್ಕೆ ತರಬೇಕು. ಸಾಲ ಮಾಡಿ ಸೈಟು ಹಿಡಿದವನು ನೆಲದ ಬೆಲೆ ಏರಲೆಂದು ದಿನವೂ ಹಾರೈಸಬೇಕಾಗುತ್ತದೆ. ಬೆಲೆ ಏರಿದಂತೆ ಸೈಟಿಲ್ಲದ ಪಕ್ಕದ ಮನೆಯವನ ಬಾಡಿಗೆ ಏರುತ್ತದೆ. ಬಡವರಿಗೆ ನಿವೇಶನ ಕೊಡಲು ಪಂಚಾಯಿತಿಗೆ ನೆಲ ದುಬಾರಿಯಾಗುತ್ತದೆ. ಹೀಗೆ ದುಡಿಯುವವನ ಹಿತವೇ ಇನ್ನೊಬ್ಬ ದುಡಿಯುವವನ ಹಿತಕ್ಕೆ ಎದುರಾಗುತ್ತದೆ. ಕಂತಿನ ಭಯವಿರುವವನು ಮುಷ್ಕರದ ದಿನ ಹಿಂಜರಿಯುವುದೂ ಸಹಜವೇ.

ಹಾಗಾದರೆ ಮಾಡಬೇಕಾದುದೇನು? ಎಲ್ಲಕ್ಕಿಂತ ಹೆಚ್ಚು ಬಡ್ಡಿಯ ಸಾಲವನ್ನು ಮೊದಲು ಮುಗಿಸಬೇಕು. ಒಮ್ಮೆಗೇ ಆಗದಿದ್ದರೆ ನೌಕರರ ಪತ್ತಿನ ಸಹಕಾರ ಸಂಘದಿಂದ ಕಡಿಮೆ ಬಡ್ಡಿಗೆ ತೆಗೆದು ಅದನ್ನು ತೀರಿಸಬೇಕು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದ ರೈತರು ಸಹಕಾರಿ ಪತ್ತಿನ ಸಂಘ ಕಟ್ಟಿದ ನಾಡು ಇದು. ಅಂಥ ಸಂಘಗಳನ್ನು ಪುಢಾರಿಗಳ ಕೈಯಿಂದ ಬಿಡಿಸಿಕೊಳ್ಳುವುದು ನಮ್ಮ ಕೆಲಸ. ಸಾಲ ತೀರಿದ ಮೇಲೆ ಆರು ತಿಂಗಳ ಮನೆಖರ್ಚು ಬೇರೆಯಾಗಿ ಇರಲಿ. ಸೂರಿನ ಯೋಚನೆ ಅದಾದ ನಂತರ.

ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ರಾಜ್ಯ ಸರಕಾರ ಕಿರುಸಾಲದ ಕಾನೂನು ತಂದಿತು. ಅದು ಬೇಕಾಗಿತ್ತು, ಆದರೆ ಅದೊಂದೇ ಸಾಲದು. ಆಸ್ಪತ್ರೆ ಮತ್ತು ಕಾಲೇಜಿನ ಖರ್ಚನ್ನು ಸರಕಾರ ಹೊರಲಿ, ನಿಶ್ಚಿತ ಪಿಂಚಣಿಯನ್ನು ಮರಳಿ ಕೊಡಲಿ, ಊರ ಸುತ್ತಿನ ನೆಲವನ್ನು ದಲ್ಲಾಳಿಗಳಿಗೆ ಬಿಡದೆ ಮನೆಯಿಲ್ಲದವರಿಗೆ ಹಂಚಲಿ. ಈ ಬೇಡಿಕೆಗಳನ್ನು ಪ್ರತಿ ಸಂಘದ ಮುಂದಿನ ಸಭೆಯಲ್ಲಿ ಠರಾವಾಗಿ ಮಂಡಿಸಬೇಕೆಂದು ನಾವು ಕೋರುತ್ತೇವೆ. ಅದೇ ಸಭೆಯಲ್ಲಿ ಸದಸ್ಯರ ಸಾಲಗಳ ಬಡ್ಡಿಯನ್ನು ವಾರ್ಷಿಕ ದರಕ್ಕೆ ತಿರುಗಿಸಿ ಹೇಳುವ ಒಬ್ಬರನ್ನು ನೇಮಿಸಿಕೊಳ್ಳಿ. ಲೆಕ್ಕ ಬಲ್ಲ ಮಾಸ್ತರು ಎಲ್ಲ ಊರಿನಲ್ಲೂ ಇದ್ದಾರೆ.